ಬೆನ್ನಿನಡಿಯ ಬಿಸುಪು

ಉಕ್ಕಿನ ಮೇಜಿನ ಮೇಲೆ ಮಲಗಿಸಿದ್ದ ಈಜು ಮೇಷ್ಟರ ಕೈ ಮಂಜುಗಡ್ಡೆಯಂತಿತ್ತು. ಆದರೆ ಒಡಲೊಳಗಿನ ಬಿಸಿ ಅಳೆದ ವೈದ್ಯೆ ಮಾಪಕವನ್ನು ಮತ್ತೊಮ್ಮೆ ನೋಡಿದಳು. ಒಳಗೆ ಬದುಕಿದ್ದವರ ಮೈಬಿಸಿಗಿಂತ ತುಸುವೇ ಕಡಿಮೆ.

ಅದು ತೀರಿಕೊಂಡವರು ದಾನ ಕೊಟ್ಟ ಕಣ್ಣು, ಚರ್ಮ, ಮೂಳೆಗಳನ್ನು ತೆಗೆದು ಕಾಪಿಡುವ ಕೇಂದ್ರ. ವೈದ್ಯೆ ಚಾಕು ಕೆಳಗಿಟ್ಟು ಪೊಲೀಸರಿಗೆ ಫೋನ್ ಮಾಡಿದಳು.

ಇನ್‌ಸ್ಪೆಕ್ಟರ್ ಬಂದ. ಕೋಣೆಯ ಚಳಿಗೆ ತೋಳು ಉಜ್ಜಿಕೊಂಡ.

"ಮನೆಯವರು ಏನಂತಾರೆ?"

"ನಿನ್ನೆ ಸಂಜೆ ನಿದ್ದೇಲೇ ಹೃದಯ ನಿಂತಿರಬೇಕಂತೆ. ಜೊತೇಲಿರೋ ಇವರ ತಮ್ಮ ಯಾರದೋ ಮದುವೆಗೆ ಹೋಗಿದ್ರಂತೆ. ಬೆಳಿಗ್ಗೆ ಬಂದು ನೋಡಿದ್ರೆ ಮೈ ಕೊರೀತಿತ್ತಂತೆ. ಪಕ್ಕದ ಬೀದಿ ಡಾಕ್ಟರೂ ಕೈ ಮುಟ್ಟಿ ಹೂಂ ಅಂದಿದ್ದಾರೆ."

"ನಿಮ್ಮ ಗಾಡೀಲೇ ಬಿಸಿಯಾಗಿರಬಾರದಾ?"

ಮೇಷ್ಟರನ್ನು ಮನೆಯಿಂದ ತಂದಿದ್ದ ಡ್ರೈವರ್ ಬಾಗಿಲಿಂದ ಒಂದು ಹೆಜ್ಜೆ ಮುಂದೆ ಬಂದ. "ಎಸಿ ಸ್ವಲ್ಪ ಹೊತ್ತು ಕೈಕೊಟ್ಟಿದ್ದು ನಿಜ ಸಾರ್. ಆದ್ರೆ ಬಿಸಿಲಲ್ಲಿ ನಿಲ್ಲಿಸಿಲ್ಲ."

ವೈದ್ಯೆ ತಲೆಯಾಡಿಸಿದಳು. "ಬಿಸಿಲು ತಗುಲಿದ್ರೆ ಮೊದಲು ಚರ್ಮ ಬಿಸಿಯಾಗ್ಬೇಕು. ಇಲ್ಲಿ ಉಲ್ಟಾ. ನಿನ್ನೆಯೇ ಹೋಗಿದ್ರೆ ಒಳಗೂ ಆರಿರ್ತಿತ್ತು. ಇವರು ಸತ್ತಿದ್ದು ಇವತ್ತು ಬೆಳಿಗ್ಗೆ. ಯಾರೋ ಅವಸರದಲ್ಲಿ ಮೈ ತಣ್ಣಗೆ ಮಾಡಿದ್ದಾರೆ. ರೆಪ್ಪೆಯೊಳಗೆ ನೋಡಿ, ಕೆಂಪು ಚುಕ್ಕಿ. ಉಸಿರು ಕಟ್ಟಿಸಿದಾಗ ಹೀಗಾಗತ್ತೆ."

* * *

ಹೊರಗಿನ ಬೆಂಚಿನಲ್ಲಿ ಮೇಷ್ಟರ ಮಗಳು. ಪಕ್ಕದಲ್ಲಿ ಚಿಕ್ಕಪ್ಪ, ಅವಳ ಹೆಗಲ ಮೇಲೆ ಕೈಯಿಟ್ಟು.

"ದಾನದ ಮಾತು ತೆಗೆದಿದ್ದು ಯಾರಮ್ಮ?" ಇನ್‌ಸ್ಪೆಕ್ಟರ್ ಕೇಳಿದ.

"ನಾನೇ. ಅಪ್ಪನ ಆಸೆ ಅದು. ಸುದ್ದಿ ತಿಳಿದು ನಮ್ಮನೆಯಿಂದ ಓಡಿಬಂದೆ. ಚಿಕ್ಕಪ್ಪ ಬೇಡ, ಬೇಗ ಎಲ್ಲ ಮುಗಿಸೋಣ ಅಂದ್ರು."

"ಹಾಸಿಗೆ ಹೇಗಿತ್ತು?"

"ಒದ್ದೆ. ಅಪ್ಪನ ಮೈಯ ಎರಡೂ ಪಕ್ಕ. ನೀರಿನ ಚೊಂಬು ಉರುಳಿತು ಅಂದ್ರು ಚಿಕ್ಕಪ್ಪ."

ಚಿಕ್ಕಪ್ಪ ಕೈ ಹಿಂದೆಗೆದ. ಇನ್‌ಸ್ಪೆಕ್ಟರ್ ಅವನ ಕಾರಿನ ಡಿಕ್ಕಿ ತೆಗೆಸಿದ. ನೀರಿಳಿಯುತ್ತಿದ್ದ ಗೋಣಿಚೀಲಗಳು. ಮದುವೆ ಮನೆಯ ಐಸ್ ಡಬ್ಬಿ.

"ಬೆಳಗಾಗೋ ಮುಂಚೆಯೇ ಅಲ್ಲಿಂದ ಹೊರಟ್ರಿ. ದಿಂಬಿನಿಂದ ಮುಖ ಒತ್ತಿದ್ರಿ. ಮೈ ಸುತ್ತ ಐಸ್ ಇಟ್ಟು, ಚರ್ಮ ತಣ್ಣಗಾದ ಮೇಲೆ ಡಾಕ್ಟರನ್ನ ಕರೆದ್ರಿ. ನಿನ್ನೆ ಸಂಜೆ ಸತ್ರು ಅಂತಾದ್ರೆ ನಿಮ್ಮ ಮೇಲೆ ಅನುಮಾನ ಬರಲ್ಲ, ಆಗ ನೀವು ಮದುವೇಲಿ ನೂರು ಜನರ ಮಧ್ಯೆ ಇದ್ರಲ್ಲ! ಮಗಳು ಈ ಕೇಂದ್ರಕ್ಕೆ ಫೋನ್ ಮಾಡ್ತಾಳೆ ಅಂತ ಮಾತ್ರ ಎಣಿಸಿರ್ಲಿಲ್ಲ."

ಚಿಕ್ಕಪ್ಪ ಡಿಕ್ಕಿಯ ಮುಚ್ಚಳವನ್ನು ತಾನೇ ಮುಚ್ಚಿದ.

"ನಮ್ಮ ಈಜುಕೊಳದಲ್ಲಿ ಒಂದು ಮಗು ಮುಳುಗಿಹೋಯ್ತು. ಕಾವಲಿರಬೇಕಾಗಿದ್ದವನು ನಾನು. ಇರ್ಲಿಲ್ಲ. ಅಣ್ಣ ಇವತ್ತು ಕೋರ್ಟಲ್ಲಿ ಅದನ್ನ ಹೇಳೋನಿದ್ದ. ಕಾಲು ಹಿಡಿದೆ. ಆ ಮಗು ದಿನಾ ಕನಸಲ್ಲಿ ಬಂದು ಕೈ ಚಾಚತ್ತೆ ಕಣೋ, ಸುಮ್ನಿರಕ್ಕಾಗಲ್ಲ ಅಂದ."

* * *

ಅವನನ್ನು ಜೀಪಿಗೆ ಹತ್ತಿಸಿದರು. ಮಗಳು ಕದಲಲಿಲ್ಲ.

"ಡಾಕ್ಟ್ರೇ, ಬೆಳಿಗ್ಗೆ ಅಪ್ಪನ ಬೆನ್ನಿನಡಿ ಕೈ ಹಾಕಿದ್ದೆ. ಬೆಚ್ಚಗಿತ್ತು. ಅಪ್ಪ ಬದುಕಿದ್ದಾರೆ ಅಂತ ಕೂಗಿಕೊಂಡೆ. ನಿಂಗೆ ಭ್ರಮೆ ಅಂತ ಚಿಕ್ಕಪ್ಪ ಎಳ್ಕೊಂಡು ಹೋದ್ರು. ನಂಬಿಬಿಟ್ಟೆ." ತನ್ನ ಅಂಗೈ ನೋಡಿಕೊಂಡಳು. "ಆಗ ಅಪ್ಪ ಇದ್ರಾ?"

"ಇಲ್ಲಮ್ಮ. ಆಗಲೇ ಹೋಗಿದ್ರು. ಹೋಗಿ ತುಂಬಾ ಹೊತ್ತಾಗಿರ್ಲಿಲ್ಲ, ಅಷ್ಟೆ."

ವೈದ್ಯೆ ಕೇಳಿದಳು. "ಪೊಲೀಸರ ಪರೀಕ್ಷೆ ಮುಗಿದ ಮೇಲೂ ಕಣ್ಣು ತಗೋಬಹುದು. ಹೊತ್ತು ಮೀರಿಲ್ಲ. ತಗೊಳ್ಳಲಾ?"

"ತಗೊಳ್ಳಿ. ಅದಕ್ಕೆ ಮುಂಚೆ ಒಂದ್ಸಲ ಮುಟ್ತೀನಿ."

ಒಳಗೆ ಹೋದಳು. ಅಪ್ಪನ ಬೆನ್ನಿನಡಿ ಕೈ ತೂರಿಸಿ ಬಹಳ ಹೊತ್ತು ನಿಂತಳು. ಈಗ ಅಲ್ಲೂ ತಣ್ಣಗಿತ್ತು.