ಸೋತ ಮೇಲಿನ ಶನಿವಾರ

ಬಾಗಿಲು ತೆರೆದವನ ಕೈಯಲ್ಲಿ ಸೌಟಿತ್ತು. ಹೊರಗೆ ನಿಂತವಳ ಕೈಯಲ್ಲಿ ತನ್ನದೇ ಮುಖ ಅಚ್ಚಾಗಿದ್ದ ಕರಪತ್ರಗಳ ಕಟ್ಟಿತ್ತು.

ಅಮೆರಿಕದಲ್ಲಿ ಸೆಪ್ಟೆಂಬರಿನ ಶನಿವಾರದ ಸಂಜೆ. ಮಾರಿಸ್‌ವಿಲ್‌ನ ಆ ಟೌನ್‌ಹೌಸುಗಳ ಸಾಲಿನಲ್ಲಿ ಬಾಗಿಲು ತಟ್ಟಿ ತಟ್ಟಿ ರಚನಾ ದಣಿದಿದ್ದಳು. ಆದರೂ ನಗು ತಂದುಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದಳು. ತಾನು ಟೌನ್ ಕೌನ್ಸಿಲ್ ಚುನಾವಣೆಗೆ ನಿಂತಿದ್ದೇನೆ. ಈ ಬಡಾವಣೆಯಿಂದ ಪಾರ್ಕಿನವರೆಗೆ ನಡೆದು ಹೋಗಲು ಸೈಡ್‌ವಾಕ್ ಇಲ್ಲ, ಊರಿಂದ ಬಂದ ಅಪ್ಪ ಅಮ್ಮಂದಿರೆಲ್ಲ ಕಾರುಗಳ ಪಕ್ಕದಲ್ಲೇ ಹುಲ್ಲು ತುಳಿದುಕೊಂಡು ಓಡಾಡುತ್ತಾರೆ. ಹೋದ ವರ್ಷ ಹಾಗೆ ವಾಕಿಂಗ್ ಹೋಗಿದ್ದ ತನ್ನ ಅಮ್ಮನಿಗೆ ಕಾರು ತಗುಲಿ ಕಾಲು ಮುರಿಯಿತು.

ಅವನು ಬಾಗಿಲಿಗೆ ಒರಗಿ ಕೇಳಿದ. ಮಧ್ಯೆ ಬಾಯಿ ಹಾಕಲಿಲ್ಲ, ಫೋನ್ ನೋಡಲಿಲ್ಲ. ಅಮ್ಮನ ಮಾತು ಬಂದಾಗ ಅವನ ಹುಬ್ಬು ತುಸು ಗಂಟಿಕ್ಕಿತು. ಅಷ್ಟು ಗಮನವಿಟ್ಟು ಕೇಳಿದವರು ಅಂದು ಬೇರೆ ಯಾರೂ ಇರಲಿಲ್ಲ. ಹುರುಪು ಬಂದು, ಸಾಮಾನ್ಯವಾಗಿ ಬಿಟ್ಟುಬಿಡುತ್ತಿದ್ದ ಮಾತುಗಳನ್ನೂ ರಚನಾ ಸೇರಿಸಿದಳು.

“ಹಾಗಾದರೆ ನಿಮ್ಮ ಓಟು ನನಗೇನಾ?” ಎಂದು ಕೊನೆಗೆ ಕೇಳಿದಳು.

“ಸಾರಿ. ನಾನು ಸಿಟಿಜನ್ ಅಲ್ಲ. ವರ್ಕ್ ವೀಸಾದಲ್ಲಿದ್ದೇನೆ.”

ಅವಳ ನಗು ಇಳಿಯಿತು. “ಅದನ್ನು ಮೊದಲೇ ಹೇಳಬಹುದಿತ್ತಲ್ಲ?”

“ನೀವು ಅಷ್ಟು ಮನಸ್ಸಿಟ್ಟು ಹೇಳುತ್ತಿದ್ದಿರಿ. ನಿಲ್ಲಿಸಬೇಕು ಅನ್ನಿಸಲಿಲ್ಲ.”

ಅಷ್ಟರಲ್ಲಿ ಒಳಗೆ ಸ್ಮೋಕ್ ಅಲಾರ್ಮ್ ಕಿರುಚಿತು. “ಅಯ್ಯೋ, ನನ್ ಒಗ್ಗರಣೆ!” ಎಂದು ಅವನು ಸೌಟು ಸಮೇತ ಓಡಿದ.

ಸಿಟ್ಟಾಗಿದ್ದ ರಚನಾ ಬಾಗಿಲಲ್ಲೇ ನಿಂತು ನಕ್ಕುಬಿಟ್ಟಳು. ಅವನು ಹೊಗೆಯೊಳಗಿಂದ ಕಣ್ಣೊರೆಸಿಕೊಳ್ಳುತ್ತಾ ವಾಪಸ್ ಬಂದಾಗ ಕೇಳಿದಳು: “ನೀವು ಕನ್ನಡದವರಾ? ಎಂತ ಮಾಡ್ತಿದ್ರಿ ಒಳಗೆ?”

“ಸಾರು ಮಾಡ್ತಿದ್ದೆ. ಈಗ ಏನಾಗಿದ್ಯೋ ಗೊತ್ತಿಲ್ಲ.” ಅವನು ಅವಳನ್ನೇ ನೋಡಿದ. “ಎಂತ ಅಂದ್ರಲ್ಲ, ಉಡುಪಿ ಕಡೆಯೋರಾ?”

“ಅಪ್ಪ ಅಮ್ಮ ಉಡುಪಿಯವರು. ನಾನು ಸಿಕ್ಸ್ ಇಯರ್ಸ್ ಇದ್ದಾಗ ಬಂದದ್ದು ಇಲ್ಲಿಗೆ.”

“ನಾನು ಬಸವಕುಮಾರ್. ಮೈಸೂರು.” ಹೆಸರು ಹೇಳಿ, ತಡೆದು, ಸೌಟನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. “ಓಟಿಲ್ಲ ಸರಿ. ಆದ್ರೆ ಕಾರಿದೆ. ಶನಿವಾರ ಪೂರ್ತಿ ಖಾಲಿ. ಪ್ರಯೋಜನ ಆಗುತ್ತಾ?”

“ಆಗ್ತದೆ. ಮೊದಲು ಇದು ಹೇಳಿ, ನಿಮ್ಮ ಬೀದಿಗೆ ಎಂತ ಬೇಕು?” ಎಂದಳು ರಚನಾ.

* * *

ಮುಂದಿನ ಶನಿವಾರ ಅವನು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಮನೆಯ ಮುಂದೆ ಕಾರು ನಿಲ್ಲಿಸಿದ. ರಚನಾಳ ಅಪ್ಪ ಭುಜಂಗ ರಾಯರು ಗಾಜಿನ ಬಾಗಿಲಿನಿಂದ ಇಣುಕಿ, “ಒಳಗೆ ಬಾ ಮಾರಾಯ, ಕಾಫಿ ಕುಡಿ. ಕ್ಯಾಂಡಿಡೇಟ್ ಇನ್ನೂ ತಲೆ ಬಾಚ್ತಾ ಉಂಟು” ಎಂದರು. ಅಮ್ಮ ಚಂದ್ರಾವತಿ ಕೋಲೂರಿಕೊಂಡು ಬಂದು ಅವನ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದರು.

ಬಸವಕುಮಾರ್ ಚುನಾವಣೆಯ ನಿಯಮಗಳನ್ನೆಲ್ಲ ಓದಿಕೊಂಡು ಬಂದಿದ್ದ. “ವೀಸಾದಲ್ಲಿರೋರು ದುಡ್ಡು ಕೊಡೋ ಹಾಗಿಲ್ಲ ಅಂಕಲ್. ಕ್ಯಾಂಪೇನ್ ವಿಷ್ಯದಲ್ಲಿ ಡಿಸಿಶನ್ ತಗೊಳೋ ಹಾಗೂ ಇಲ್ಲ. ನಡಿಯೋದು, ಡ್ರೈವ್ ಮಾಡೋದು, ಬಾಗಿಲು ತಟ್ಟೋದು ಮಾಡ್ಬಹುದಂತೆ.”

ಅದನ್ನು ಹಿಡಿದುಕೊಂಡೇ ರಚನಾ ಅವನನ್ನು ಗೋಳು ಹುಯ್ದುಕೊಂಡಳು. ಅಂಗಳದಲ್ಲಿ ನೆಡುವ ಬೋರ್ಡಿಗೆ ಹಸಿರೋ ನೀಲಿಯೋ ಎಂದು ಕೇಳುವಳು. “ನಾನು ಏನೂ ಹೇಳೋ ಹಾಗಿಲ್ಲ ಮೇಡಂ” ಎಂದು ಅವನು ಆಕಾಶ ನೋಡುವನು. ಎಡಗಡೆಯ ಬೀದಿಗೋ ಬಲಗಡೆಯದಕ್ಕೋ ಎಂದರೂ ಅದೇ ಉತ್ತರ.

“ಸರಿ, ನನ್ನ ಈ ಜಾಕೆಟ್ ಚೆಂದ ಉಂಟಾ? ಇದು ಕ್ಯಾಂಪೇನ್ ಡಿಸಿಶನ್ ಅಲ್ಲ.”

ಅವನು ಆಗ ಮಾತ್ರ ಆಕಾಶ ನೋಡಲಿಲ್ಲ. ಅವಳನ್ನು ನೋಡಿದ. ಕಿವಿಯ ಹಿಂದೆ ನಿಲ್ಲದೆ ಜಾರುತ್ತಿದ್ದ ಕೂದಲು, ಬಿಸಿಲಿಗೆ ಕೆಂಪೇರಿದ ಮೂಗಿನ ತುದಿ. “ಚೆನ್ನಾಗಿದೆ” ಎಂದ. ಒಂದೇ ಪದ. ಆದರೆ ಮುಂದಿನ ಮನೆಯ ಬಾಗಿಲಲ್ಲಿ ರಚನಾ ತನ್ನ ಹೆಸರು ಹೇಳುವಾಗ ತಡವರಿಸಿದಳು.

ಅವನು ಗೇಟಿನ ಹತ್ತಿರವೇ ನಿಲ್ಲುತ್ತಿದ್ದ. ಯಾರಾದರೂ ಮುಖಕ್ಕೆ ಬಾಗಿಲು ಹಾಕಿದರೆ, ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದಿರುತ್ತಿದ್ದ. ಸಮಾಧಾನದ ಮಾತು ಹೇಳುತ್ತಿರಲಿಲ್ಲ. ಅವಳಿಗೆ ಅದೇ ಹಿತವಾಗಿತ್ತು.

ಒಮ್ಮೆ ಮೇಪಲ್ ಮರದ ಕೆಳಗೆ ಕೂತಿದ್ದಾಗ ಕೇಳಿದಳು: “ನೀವ್ಯಾಕೆ ಇಷ್ಟು ಕಷ್ಟಪಡ್ತೀರಿ? ನಿಮಗೆ ಓಟೇ ಇಲ್ಲ.”

“ಏಳು ವರ್ಷದಿಂದ ಇಲ್ಲಿದ್ದೀನಿ ರಚನಾ. ಈ ಊರಲ್ಲಿ ಏನು ಬೇಕು ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ. ನಂಗೆ ಓಟಿಲ್ಲ ಅಂತ ಗೊತ್ತಾದ್ಮೇಲೂ ನೀವು ಕೇಳಿದ್ರಲ್ಲ, ‘ನಿಮ್ಮ ಬೀದಿಗೆ ಎಂತ ಬೇಕು’ ಅಂತ? ಅವತ್ತು ರಾತ್ರಿ ಅಮ್ಮಂಗೆ ಫೋನ್ ಮಾಡಿ ಹೇಳ್ದೆ.”

ಹಳದಿ ಎಲೆಯೊಂದು ಅವನ ಭುಜದ ಮೇಲೆ ಬಿದ್ದಿತ್ತು. ತೆಗೆಯಲೆಂದು ರಚನಾ ಕೈ ಚಾಚಿ, ಅರ್ಧಕ್ಕೆ ನಿಲ್ಲಿಸಿ, ಸುಮ್ಮನೆ ತನ್ನ ಶೂ ದಾರ ಬಿಗಿಮಾಡಿಕೊಂಡಳು.

* * *

ಅಕ್ಟೋಬರಿನಲ್ಲಿ ದೇವಸ್ಥಾನದ ಊಟದ ಹಾಲಿನಲ್ಲಿ ಹರಿಪ್ರಸಾದ್ ಅಂಕಲ್ ಅವಳನ್ನು ಪಕ್ಕಕ್ಕೆ ಕರೆದರು. ಅಪ್ಪನ ಹಳೆಯ ಗೆಳೆಯರು, ಅವಳಿಗಾಗಿ ತಾವೂ ನೂರಾರು ಜನಕ್ಕೆ ಫೋನು ಮಾಡಿದವರು.

“ನೋಡಮ್ಮ, ತಪ್ಪು ತಿಳ್ಕೋಬೇಡ. ಆ ಹುಡುಗ ಪ್ರತಿ ವಾರ ನಿನ್ ಜೊತೆ ಇರೋದನ್ನ ಜನ ನೋಡ್ತಿದ್ದಾರೆ. ಸಿಟಿಜನ್ ಹುಡುಗಿ, ವೀಸಾ ಹುಡುಗ. ಗ್ರೀನ್ ಕಾರ್ಡ್‌ಗೋಸ್ಕರ ಸುತ್ತುತ್ತಾನೆ ಅಂತಾರೆ. ಎಲೆಕ್ಷನ್ ಮುಗಿಯೋವರೆಗಾದ್ರೂ ಸ್ವಲ್ಪ ದೂರ ಇಡು.”

“ಅವರು ನನ್ನ ಹತ್ತಿರ ಒಂದು ಗ್ಲಾಸ್ ನೀರು ಸಹ ಕೇಳಿಲ್ಲ ಅಂಕಲ್” ಎಂದಳು ರಚನಾ. ತಿರುಗಿದರೆ, ಪಾಯಸದ ಲೋಟ ಹಿಡಿದ ಬಸವಕುಮಾರ್ ಎರಡು ಹೆಜ್ಜೆ ಆಚೆಗಿದ್ದ. ಅವಳತ್ತ ನೋಡದೆ ಲೋಟವನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಮುಂದಿನ ಶನಿವಾರ ಅವನು ಬರಲಿಲ್ಲ. “ಆಫೀಸಲ್ಲಿ ಕೆಲಸ ಜಾಸ್ತಿ. ಸಾರಿ” ಎಂದು ಮೆಸೇಜ್ ಬಂತು. ಅದರ ಮುಂದಿನ ವಾರವೂ ಅದೇ.

ರಚನಾ ಒಬ್ಬಳೇ ಬಾಗಿಲು ತಟ್ಟಿದಳು. ಪ್ರತಿ ಮನೆಯ ಮೆಟ್ಟಿಲಿಳಿಯುವಾಗಲೂ ಕಣ್ಣು ತಾನಾಗಿ ಗೇಟಿನ ಕಡೆ ಹೋಗುತ್ತಿತ್ತು. ಯಾರೋ ಆಡಿದ ಮಾತಿಗೆ ಇಷ್ಟು ಸುಲಭವಾಗಿ ಬಿಟ್ಟುಹೋದನಲ್ಲ ಎಂದು ಸಿಟ್ಟು ಬಂತು. ಸಿಟ್ಟು ಇಳಿದಾಗ, ಅದರ ಅಡಿಯಲ್ಲಿದ್ದುದು ಬೇರೆಯೇ ಎಂದು ಅವಳಿಗೆ ತಿಳಿಯಿತು.

ಒಂದು ಮಂಗಳವಾರ ಅಪ್ಪ ತರಕಾರಿ ಚೀಲ ಕೆಳಗಿಡುತ್ತಾ ಹೇಳಿದರು: “ನಿನ್ನ ಬಸವಕುಮಾರ ಗ್ರೋಸರಿ ಅಂಗಡಿಯಲ್ಲಿ ಸಿಕ್ಕಿದ. ವಾರದ ಮಧ್ಯೆ, ಮಧ್ಯಾಹ್ನ. ಎಂತ ಮಾರಾಯ ರಜೆಯಾ ಅಂತ ಕೇಳಿದೆ. ಕೆಲಸ ಹೋಗಿದೆಯಂತೆ ಅವನದ್ದು. ಲೇ-ಆಫ್. ಮುಖ ಇಷ್ಟು ಸಣ್ಣ ಆಗಿತ್ತು.”

ರಚನಾ ಕಾರಿನ ಕೀ ಎತ್ತಿಕೊಂಡಳು.

ಅವನು ಮನೆಯಲ್ಲಿರಲಿಲ್ಲ; ಬೀದಿಯ ಕೊನೆಯ ಕ್ರಿಕೆಟ್ ಮೈದಾನದ ಪಕ್ಕದ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅವಳನ್ನು ಕಂಡು ಎದ್ದುನಿಂತ.

“ಆಫೀಸಲ್ಲಿ ಕೆಲಸ ಜಾಸ್ತಿ ಅಂದ್ರಿ. ಇದಾ ಆಫೀಸು?”

“ಕೆಲಸ ಹುಡುಕೋದೇ ಈಗ ಕೆಲಸ” ಎಂದು ನಗಲು ನೋಡಿದ. ಅವಳು ನಗಲಿಲ್ಲ.

“ನನಗೆ ಯಾಕೆ ಹೇಳಲಿಲ್ಲ?”

ಅವನು ಲ್ಯಾಪ್‌ಟಾಪ್ ಮುಚ್ಚಿದ. “ಎರಡು ತಿಂಗಳೊಳಗೆ ಇನ್ನೊಂದು ಕಂಪನಿ ಸಿಗದಿದ್ರೆ ನಾನು ಈ ದೇಶ ಬಿಡ್ಬೇಕು. ಇಂಥ ಟೈಮಲ್ಲಿ ನಿಮ್ಮತ್ರ ನಾನು ಏನೇ ಹೇಳಿದ್ರೂ ಗ್ರೀನ್ ಕಾರ್ಡ್ ಕೇಳಿದ ಹಾಗೇ ಇರುತ್ತೆ. ಜನ ಅಂದ್ಕೊಂಡ್ರೆ ಪರ್ವಾಗಿಲ್ಲ. ಯಾವತ್ತೋ ಒಂದಿನ ಜಗಳ ಆಡ್ದಾಗ ನಿಮಗೇ ಹಾಗನ್ನಿಸ್ಬಿಟ್ರೆ? ಅದನ್ನ ನಾನು ತಡ್ಕೊಳಲ್ಲ.”

ರಚನಾ ಒಂದು ಹೆಜ್ಜೆ ಹತ್ತಿರ ಬಂದಳು. “ಏನು ಹೇಳ್ಬೇಕಂತ ಇತ್ತು ನಿಮಗೆ?”

“ಅದನ್ನೇ ಹೇಳಲ್ಲ ಅಂದಿದ್ದು.”

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಜಗಳ ಆಡುವ ದಿನದವರೆಗೂ ಯೋಚಿಸಿಬಿಟ್ಟಿದ್ದಾನೆ ಈ ಪುಣ್ಯಾತ್ಮ! ಕೈಬೆನ್ನಿನಿಂದ ಕಣ್ಣೊರೆಸಿಕೊಂಡು, “ಹೇಳ್ಬೇಡಿ” ಎಂದಳು. “ಆದ್ರೆ ಬರುದು ನಿಲ್ಲಿಸ್ಬೇಡಿ. ನನ್ನ ಜೊತೆ ಯಾರು ನಡೀಬೇಕು ಅಂತ ನಾನು ಡಿಸೈಡ್ ಮಾಡ್ತೇನೆ. ಅದು ಹರಿಪ್ರಸಾದ್ ಅಂಕಲ್‌ಗೆ ಬಿಟ್ಟದ್ದಲ್ಲ, ನಿಮಗೂ ಬಿಟ್ಟದ್ದಲ್ಲ.”

ಶನಿವಾರ ಅವನ ಕಾರು ಮನೆ ಮುಂದೆ ನಿಂತಿತ್ತು. ಚಂದ್ರಾವತಿ ಏನೂ ಕೇಳದೆ ತಟ್ಟೆ ಹಾಕಿದರು.

* * *

ನವೆಂಬರಿನ ಚುನಾವಣೆಯ ದಿನ ಬಸವಕುಮಾರ್ ಬೆಳಗಿನಿಂದ ಸಂಜೆಯವರೆಗೆ ಮತಗಟ್ಟೆಯ ಮುಂದೆ ಪ್ರಚಾರದವರನ್ನು ತಡೆಯಲು ಎಳೆದ ಗೆರೆಯಾಚೆ ಅವಳ ಹೆಸರಿನ ಬೋರ್ಡು ಹಿಡಿದು ನಿಂತ. ಓಟಿಲ್ಲದ ತಾನು ದಾಟಲಾಗದ ಆ ಗೆರೆಯನ್ನು ದಾಟಿ ಹೋಗುವ ಒಬ್ಬೊಬ್ಬರಿಗೂ ಹಲೋ ಹೇಳಿದ.

ಭುಜಂಗ ರಾಯರ ಮನೆಯ ಹಾಲಿನಲ್ಲಿ ಗೆಳೆಯರು, ನೆರೆಯವರು ಸೇರಿದ್ದಾಗ ಫಲಿತಾಂಶ ಬಂತು. ಒಂದು ಶಾಲೆಯ ಬಸ್ಸಿನಲ್ಲಿ ಹಿಡಿಸುವಷ್ಟು ಜನರ ಓಟು ಕಡಿಮೆ ಬಿದ್ದು ರಚನಾ ಸೋತಿದ್ದಳು.

ಹರಿಪ್ರಸಾದ್ ಅಂಕಲ್ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ರಚನಾ ಎದ್ದು ನಿಂತಳು. ಗೋಡೆಗೊರಗಿದ್ದ ಬಸವಕುಮಾರ್, ಆ ಮೊದಲ ದಿನ ಕೇಳಿದ್ದ ಹಾಗೆಯೇ, ಅವಳ ಮಾತಿಗೆ ಕಾಯುತ್ತಿದ್ದ. ಅದನ್ನು ನೋಡಿ ಅವಳು ಮಾತು ಶುರು ಮಾಡಿದಳು.

“ಓಟು ಹಾಕಿದವರಿಗೆಲ್ಲ ಥ್ಯಾಂಕ್ಸ್. ಆದ್ರೆ ಓಟು ಇಲ್ಲದೆಯೂ ನನಗೋಸ್ಕರ ನಡೆದವರಿದ್ದಾರೆ. ಅವರಿಗೆ ಇದರಿಂದ ಎಂತದೂ ಸಿಗುದಿಲ್ಲ. ಸೋತದ್ದಕ್ಕೆ ಬೇಜಾರುಂಟು ನನಗೆ, ಸುಳ್ಳು ಹೇಳುದಿಲ್ಲ. ಆದ್ರೆ ನಿಂತದ್ದಕ್ಕೆ ಇಲ್ಲ. ನಿಲ್ಲದಿದ್ರೆ ನೀವೆಲ್ಲ ನನಗೆ ಹೇಗೆ ಸಿಗ್ತಿದ್ರಿ?”

ಮರುದಿನ ಅವಳೆದುರು ಗೆದ್ದಾಕೆಯೇ ಫೋನು ಮಾಡಿದಳು. ಸೈಡ್‌ವಾಕ್ ವಿಷಯವನ್ನು ತಾನು ಎತ್ತುತ್ತೇನೆ, ಯೋಜನೆ ಮಾಡುವಾಗ ರಚನಾಳೂ ಜೊತೆಗಿರಬೇಕು ಎಂದಳು. ಸುದ್ದಿ ಕೇಳಿ ಅಮ್ಮ ಕೋಲನ್ನು ಗೋಡೆಗಿಟ್ಟು, ರಚನಾಳನ್ನು ಎರಡೂ ಕೈಯಿಂದ ಅಪ್ಪಿಕೊಂಡರು.

ಶನಿವಾರ ರಚನಾ ಮತ್ತೆ ಮನೆ ಮನೆಗೆ ಹೊರಟಳು. ಗೆದ್ದವರು ಮಾತ್ರ ಧನ್ಯವಾದ ಹೇಳಬೇಕೆಂದು ಎಲ್ಲಿದೆ?

ಕಾರು ತಿರುವು ದಾಟಿದ ಮೇಲೆ ಬಸವಕುಮಾರ್ ಹೇಳಿದ: “ಕೆಲಸ ಸಿಕ್ತು. ಪೇಪರ್ಸ್ ಎಲ್ಲಾ ಆಯ್ತು. ಅಟ್ಲಾಂಟ ಹತ್ರ, ಡುಲುತ್. ಮುಂದಿನ ತಿಂಗಳು ಜಾಯಿನ್ ಆಗ್ಬೇಕು.”

“ಓ, ದೇವರೇ!” ಎಂದು ಅವಳು ಸೀಟಿನಲ್ಲೇ ಕುಣಿದಳು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಡುಲುತ್ ಎಷ್ಟು ದೂರ ಎಂಬುದು ನೆನಪಾಗಿ ಕಿಟಕಿಯತ್ತ ತಿರುಗಿದಳು. ಅವನು ಮತ್ತೇನಾದರೂ ಹೇಳುತ್ತಾನೆಂದು ಕಾದಳು. ಅವನು ರಸ್ತೆ ನೋಡುತ್ತಿದ್ದ, ಆದರೆ ಸ್ಟಿಯರಿಂಗ್ ಮೇಲಿನ ಬೆರಳುಗಳು ಸುಮ್ಮನಿರಲಿಲ್ಲ.

ಕೊನೆಯ ಮನೆ ಕರಬಸಪ್ಪನವರದು. ದಾವಣಗೆರೆಯಿಂದ ಮಗನ ಮನೆಗೆ ಆರು ತಿಂಗಳಿಗೆಂದು ಬಂದ ಹಿರಿಯರು. ಓಟಿಲ್ಲದಿದ್ದರೂ ದಿನಾ ವಾಕಿಂಗಿಗೆ ರಚನಾಳ ಬೋರ್ಡು ಹಿಡಿದುಕೊಂಡೇ ಹೋಗಿಬಂದವರು.

“ಸೋತ್ರೇನಂತೆ ತಾಯಿ, ಮನೆಬಾಗ್ಲಿಗೆ ಬಂದು ನಮಸ್ಕಾರ ಅಂದ್ಯಲ್ಲ” ಎಂದು ಅವಳ ತಲೆ ಮುಟ್ಟಿದರು. ಪಕ್ಕದಲ್ಲಿದ್ದವನ ತಲೆಯನ್ನೂ ಮುಟ್ಟಿದರು. “ಗಂಡ ಹೆಂಡ್ತಿ ಇಬ್ರೂ ನೂರು ವರ್ಷ ಚೆನ್ನಾಗಿರಿ.”

ಬಸವಕುಮಾರ್ ಕಿವಿಯವರೆಗೆ ಕೆಂಪಾಗಿ, ಬಗ್ಗಿ ಅವರ ಕಾಲು ಮುಟ್ಟಿದ. ಅವಳೂ ಬಗ್ಗಿದಳು.

ಇಬ್ಬರೂ ಕಾರಿನ ಹತ್ತಿರ ಬಂದರು.

“ನೀವ್ಯಾಕೆ ಅಲ್ಲ ಅಂತ ಹೇಳಲಿಲ್ಲ?” ಎಂದಳು ಅವಳು, ಕಾರಿನ ಬಾಗಿಲ ಮೇಲೆ ಕೈಯಿಟ್ಟು.

“ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಈಗ ನಂಗೆ ಯಾರಿಂದ್ಲೂ ಏನೂ ಬೇಕಾಗಿಲ್ಲ ರಚನಾ. ಕೆಲಸ ಇದೆ, ವೀಸಾ ಇದೆ. ಅದಕ್ಕೇ ಇವತ್ತು ಹೇಳ್ಬಹುದು.” ಅವನು ಅವಳತ್ತ ತಿರುಗಿದ. “ನಿಮ್ಮನ್ನ ಪ್ರೀತಿಸ್ತೀನಿ. ಸಿಟಿಜನ್‌ನ ಅಲ್ಲ, ಕ್ಯಾಂಡಿಡೇಟ್‌ನ ಅಲ್ಲ. ಬಾಗಿಲು ಹಾಕ್ಸಿಕೊಂಡು ಬಂದು, ನೀರು ಕುಡಿದು, ಮತ್ತೆ ಮುಂದಿನ ಬಾಗಿಲಿಗೆ ಹೋಗ್ತಿದ್ರಲ್ಲ, ಅವ್ರನ್ನ.”

ರಚನಾಳ ಕನ್ನಡ ಅಮ್ಮನ ಅಡುಗೆಮನೆಯಲ್ಲಿ, ಅಪ್ಪನ ತಮಾಷೆಯಲ್ಲಿ ಕಲಿತದ್ದು. ಇಂಥ ಮಾತಿಗೆ ಉತ್ತರ ಹೇಗೆಂದು ಅಲ್ಲಿ ಯಾರೂ ಕಲಿಸಿರಲಿಲ್ಲ. ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಆದರೆ ಅದು ಸಾಲದೆನಿಸಿತು.

“ನನಗೆ ನೀನು ಬೇಕು” ಎಂದಳು.

ನೀವು ಹೋಗಿ ನೀನು ಬಂದದ್ದನ್ನು ಇಬ್ಬರೂ ಒಟ್ಟಿಗೇ ಗಮನಿಸಿದರು. ಅವನು ನಕ್ಕ. ಕಣ್ಣು ತುಂಬಿತ್ತು.

“ಆರು ಗಂಟೆ ಡ್ರೈವ್ ಆಗುತ್ತೆ ಡುಲುತ್‌ಗೆ.”

“ಅರ್ಧ ದಾರಿ ನಾನು ಬರ್ತೇನೆ. ಅರ್ಧ ನೀನು ಬಾ. ಸಾಲದಿದ್ರೆ ಪೂರ್ತಿ ನಾನೇ ಬರ್ತೇನೆ.” ಅವಳು ಅವನ ಕೈ ಹಿಡಿದಳು. ಚಳಿಗೆ ತಣ್ಣಗಾಗಿದ್ದ ಬೆರಳುಗಳು ಅವಳ ಅಂಗೈಯೊಳಗೆ ನಿಧಾನವಾಗಿ ಬೆಚ್ಚಗಾದವು. ಇವನೊಬ್ಬ ಸಿಕ್ಕಿದ್ದಕ್ಕೆ ಯಾವ ಮನೆಯ ಮುಂದೆ ನಿಂತು ನಮಸ್ಕಾರ ಹೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಇನ್ನೊಂದು ಕೈಯಲ್ಲಿ ಫೋನು ತೆಗೆದು ಮನೆಗೆ ಕರೆ ಮಾಡಿದಳು. “ಅಪ್ಪ, ನಾವಿಬ್ಬರು ಊಟಕ್ಕೆ ಬರ್ತಿದ್ದೇವೆ.”

“ಎಂತದು ಹೊಸತು? ಯಾವಾಗ್ಲೂ ಇಬ್ಬರೇ ಅಲ್ವಾ ಬರುದು?”

“ಹಾಗಲ್ಲ ಅಪ್ಪ. ಇವತ್ತು ಬೇರೆ ಥರ ಇಬ್ಬರು.”

ಆ ಕಡೆ ಭುಜಂಗ ರಾಯರು ಫೋನನ್ನು ದೂರ ಹಿಡಿದು, “ಚಂದ್ರಾ, ಸ್ವಲ್ಪ ಶಾವಿಗೆ ಉಂಟಾ ನೋಡು!” ಎಂದು ಕೂಗಿದ್ದು ಕೇಳಿಸಿತು. ಮತ್ತೆ ಹತ್ತಿರ ಬಂದಾಗ ಅವರ ಧ್ವನಿ ಒದ್ದೆಯಾಗಿತ್ತು.

“ನಿಧಾನ ಬನ್ನಿ ಮಗಾ. ಪಾಯಸ ಆಗ್ಲಿಕ್ಕೆ ಅರ್ಧ ಗಂಟೆ ಬೇಕು.”