ಕದಿರ್ ಓದಿ ಒಪ್ಪಿದ ಸಾಲು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಒಂಬತ್ತು ಗಂಟೆಗೆ ನರಿನ್ ಪಟ್ಟಣದ ಪೊಲೀಸ್ ಠಾಣೆಗೆ ಜೂರಾಕಾನ್ ಎಂಬ ಮಹಿಳೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಅವರ ಗಂಡ ಬೇಶೆಗೆ ಎದೆನೋವು ಬಂದಿತ್ತು. ಅವರ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಇರುವುದು ಇಂಟರ್ನೆಟ್ ಮೇಲೆ ನಡೆಯುವ ಫೋನು ಮಾತ್ರ. ಆಂಬುಲೆನ್ಸಿಗೆಂದು 103 ಒತ್ತಿದರೆ ಕರೆ ಹೋಗಲೇ ಇಲ್ಲ. ನೆರೆಮನೆಯವನು ಜೀಪಿನಲ್ಲಿ ಮಲಗಿಸಿಕೊಂಡು ಹೊರಟ. ಘಾಟಿ ಹತ್ತುವ ಮೊದಲೇ ಬೇಶೆ ತೀರಿಕೊಂಡರು.

"ಯಾರ ಮೇಲೆ ದೂರು?" ಇನ್ಸ್‌ಪೆಕ್ಟರ್ ಸಾಗಿನ್ ತೊರೊಬೆಕೋವ್ ಕೇಳಿದರು.

"ಎರ್ನಿಸ್ ಮೇಲೆ. ನಮ್ಮೂರಿಗೆ ಇಂಟರ್ನೆಟ್ ಕೊಡೋನು. ಮೊನ್ನೆ ತನಕ ಫೋನ್ ಚೆನ್ನಾಗಿತ್ತು. ನಿನ್ನೆ ಮಧ್ಯಾಹ್ನ ಬಂದು ಏನೋ ಹೊಸದು ಹಾಕಿ ಹೋದ. ಸಂಜೆ ಇವರು ಹೋದ್ರು."

ನಿರ್ಲಕ್ಷ್ಯದಿಂದ ಸಾವು ಎಂದು ಎಫ್.ಐ.ಆರ್. ದಾಖಲಾಯಿತು. ಮಧ್ಯಾಹ್ನದೊಳಗೆ ಎರ್ನಿಸ್‌ನನ್ನು ಬಂಧಿಸಿ ಕರೆತಂದರು. ಹಳ್ಳಿಯವರು ಅಷ್ಟರಲ್ಲೇ ಅವನ ಮನೆಯ ಕಿಟಕಿ ಒಡೆದಿದ್ದರು. ವಾರದೊಳಗೆ ಆರೋಪಪಟ್ಟಿ ಬೇಕೆಂದು ಪ್ರಾಸಿಕ್ಯೂಟರ್ ಫೋನ್ ಮಾಡಿದ್ದರು. ಸಾಬೀತಾದರೆ ಐದು ವರ್ಷ ಜೈಲು. ಅವನ ಹೆಂಡತಿ ಬಸುರಿ.

"ನಿನ್ನೆ ಏನು ಹಾಕ್ದೆ?"

"ಕೆರ್ಬೆನ್‌ನ ಹೊಸ ವರ್ಷನ್, ಸಾಹೇಬ್ರೆ. ಕರೆ, ಮೆಸೇಜು ಎಲ್ಲಾ ಯಾವ ದಾರೀಲಿ ಹೋಗ್ಬೇಕು ಅಂತ ಹೇಳೋ ಸಾಫ್ಟ್‌ವೇರು. ಒಂದು ದಾರಿ ಕಡಿದ್ರೆ ಇನ್ನೊಂದಕ್ಕೆ ತಿರುಗಿಸ್ಬೇಕು."

"ನಿನ್ನೆ ಕಡಿದಿತ್ತಾ?"

"ಸಂಜೆ ಘಾಟಿಯಲ್ಲಿ ಬಂಡೆ ಉರುಳಿ ಕೇಬಲ್ ಹೋಯ್ತು. ರೇಡಿಯೋ ದಾರಿ ಸರಿಯಾಗೇ ಇತ್ತು. ಆದ್ರೂ ಕರೆಗಳನ್ನ ಸತ್ತ ಕೇಬಲ್‌ಗೇ ಕಳಿಸ್ತಿತ್ತು."

"ನೀನೇ ಕೆಡಿಸಿದ್ದೀಯ."

"ಹಳೇದು ಹಾಕಿ ನೋಡಿ, ತಿರುಗುತ್ತೆ. ನಾನು ಒಂದಕ್ಷರ ಮುಟ್ಟಿಲ್ಲ. ಬಂದದ್ದನ್ನ ಬಂದ ಹಾಗೇ ಹಾಕಿದ್ದು."

ಈ ಧಾಟಿಯ ಮಾತನ್ನು ಸಾಗಿನ್ ಕುರಿಗಳ್ಳರ ಬಾಯಲ್ಲಿ ಬೇಕಾದಷ್ಟು ಕೇಳಿದ್ದರು. ಮೇಲಿನವರಿಗೆ ಬೇಕಾಗಿದ್ದುದು ಒಂದು ಹೆಸರು, ಅದು ಕೈಯಲ್ಲೇ ಇತ್ತು. ಆದರೆ ಪರೀಕ್ಷೆ ಮಾಡದೆ ಸಹಿ ಹಾಕುವ ಜಾಯಮಾನ ಅವರದಲ್ಲ. ಬಡ್ತಿ ಸಿಗದೆ ಅವರು ಇನ್ನೂ ನರಿನ್‌ನಲ್ಲೇ ಉಳಿದದ್ದಕ್ಕೂ ಅದೇ ಕಾರಣ.

ಕೆರ್ಬೆನ್ ಯಾವ ಕಂಪನಿಯದೂ ಅಲ್ಲ ಎಂದು ಎರ್ನಿಸ್ ವಿವರಿಸಿದ. ರಾಜಧಾನಿ ಬಿಷ್ಕೆಕ್‌ನ ಕೆಲವರು ಶುರುಮಾಡಿ ಜಗತ್ತಿಗೆ ಬಿಟ್ಟುಕೊಟ್ಟದ್ದು. ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳಿಸಬಹುದು, ಪುಕ್ಕಟೆ ಬಳಸಬಹುದು. ಹಳೆಯ ವರ್ಷನ್‌ಗೂ ಹೊಸದಕ್ಕೂ ನಡುವೆ ನಾನೂರು ಚಿಲ್ಲರೆ ಬದಲಾವಣೆಗಳಾಗಿದ್ದವು. ಕೆಟ್ಟದ್ದು ಅವುಗಳಲ್ಲಿ ಒಂದು.

"ನಾನೂರನ್ನೂ ನೋಡ್ಬೇಕಾ?"

"ಬೇಡ. ಸರಿಯಾಗಿ ನಡುವಿಂದು ಹಾಕಿ ನೋಡೋದು. ಅಲ್ಲಿ ಸರಿಯಿದ್ರೆ ತಪ್ಪು ಆಮೇಲೆ ಬಂದಿದೆ, ಕೆಟ್ಟಿದ್ರೆ ಮೊದಲೇ ಬಂದಿದೆ. ಉಳಿದ ಅರ್ಧದಲ್ಲಿ ಮತ್ತೆ ನಡುವಿಂದು."

ಸಾರ್ಜೆಂಟ್ ಊಲ್ಕಾನ್ ನಕ್ಕಳು. "ಕುರಿ ಕೇಸೇ ಇದು, ಸಾಹೇಬ್ರೆ. ಕದ್ದ ಮಂದೆ ಎಲ್ಲಿ ಕಣಿವೆ ಬಿಡ್ತು ಅಂತ ಪ್ರತಿ ಮನೆ ಬಾಗಿಲೂ ತಟ್ತೀವಾ? ನಡುವಿನ ಮನೇಲಿ ಕೇಳ್ತೀವಿ. ಅಲ್ಲಿ ಕಂಡಿದ್ರೆ ಮುಂದಕ್ಕೆ ಹೋಗ್ತೀವಿ, ಇಲ್ದಿದ್ರೆ ಹಿಂದಕ್ಕೆ."

ಮಾರ್ಚ್ ಹದಿಮೂರರಂದು ಠಾಣೆಯ ಮೇಜಿನ ಮೇಲೆ ಕರೆಗೆ ದಾರಿ ತೋರಿಸುವ ಎರಡು ಹಳೆಯ ಯಂತ್ರ, ಎರಡು ದಾರಿಗಳ ಬದಲಿಗೆ ಎರಡು ಕೇಬಲ್, ಒಂದು ಫೋನು ಇಟ್ಟು ಪಂಚನಾಮೆ ಶುರುವಾಯಿತು. ಪಂಚರಾಗಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಮತ್ತು ಬಸ್‌ ನಿಲ್ದಾಣದಲ್ಲಿ ಸಂಸಾ ಎಂಬ ಮಾಂಸದ ಕಡುಬು ಮಾರುವ ಸಾಲ್ಕಿನ್ ಮುದುಕಿ. ಒಂದು ವರ್ಷನ್ ಹಾಕುವುದು, ಒಂದು ಕೇಬಲ್ ಕಿತ್ತು ಕರೆ ಮಾಡುವುದು, ಫೋನು ಬಡಿಯಿತೇ ಇಲ್ಲವೇ ಎಂದು ಬರೆಯುವುದು.

"ಇದನ್ನ ಇನ್ನೆಷ್ಟು ಸಲ ಕೀಳ್ತೀಯೋ ಮಗಾ? ನನ್ನ ಒಲೆ ಆರಿಹೋಗುತ್ತೆ," ಎಂದಳು ಮುದುಕಿ.

"ಪಂಚರು ಅಂದ್ಮೇಲೆ ಕೂತ್ಕೋಬೇಕು ಅಜ್ಜಿ," ಎಂದಳು ಊಲ್ಕಾನ್.

"ಕೂತಿದ್ದೀನಲ್ಲ! ಬಡೀತು ಅಂದ್ರೆ ಬಡೀತು, ಇಲ್ಲ ಅಂದ್ರೆ ಇಲ್ಲ. ಬರ್ಕೋ."

ಮಧ್ಯಾಹ್ನದ ಹೊತ್ತಿಗೆ ಒಂದೇ ಬದಲಾವಣೆ ಉಳಿಯಿತು. ಅದಕ್ಕೆ ಮೊದಲು ಫೋನು ಬಡಿಯುತ್ತಿತ್ತು, ಅದು ಸೇರಿದ ಮೇಲೆ ಬಡಿಯಲಿಲ್ಲ. ದಾರಿ ಜೀವಂತವಾಗಿದೆಯೇ ಎಂದು ಎರಡನೇ ಸಲ ವಿಚಾರಿಸುವ ಸಾಲೊಂದನ್ನು ವೇಗಕ್ಕಾಗಿ ಯಾರೋ ತೆಗೆದುಹಾಕಿದ್ದರು. ಮಾಡಿದವನು ಟಿಲೆಕ್ ಒಮೊಕೇಯೆವ್, ಬಿಷ್ಕೆಕ್. ಓದಿ ಒಪ್ಪಿದವನು ಕದಿರ್ ಸಾರ್ಬಾನೋವ್. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಓದಿ ಹೆಸರು ಹಾಕದೆ ಏನೂ ಒಳಗೆ ಸೇರುವಂತಿಲ್ಲ, ಅದು ಕೆರ್ಬೆನ್‌ನ ಕಟ್ಟಳೆ.

ಆ ಬದಲಾವಣೆಯ ಕೆಳಗೆ ಟಿಲೆಕ್ ಒಂದು ಪ್ರಶ್ನೆ ಬರೆದಿದ್ದ: "ಕೇಬಲ್ ಕಡಿದಾಗಲೂ ಇದು ಸರಿಹೋಗುತ್ತದೆಯೇ? ಯಾರಾದರೂ ನೋಡಿ ಹೇಳಿ." ಮೂರು ವಾರದ ನಂತರ ಕದಿರ್‌ನ ಉತ್ತರ: "ನೋಡಿದೆ. ಸರಿಯಿದೆ."

"ಕದಿರ್ ಯಾರು?" ಸಾಗಿನ್ ಎರ್ನಿಸ್‌ನನ್ನು ಕೇಳಿದರು.

"ಕದಿರ್ ಬಾಯ್ಕೆ ಭಾರೀ ಕಟ್ಟುನಿಟ್ಟು. ನಾನು ಒಂದ್ಸಲ ಕಳಿಸಿದ ತಿದ್ದುಪಡೀಲಿ ಏಳು ತಪ್ಪು ಹಿಡಿದು ವಾಪಸ್ ಎಸೆದಿದ್ರು."

"ಬಾಯ್ಕೆ, ಅಣ್ಣ ಅಂತೀಯ. ನೋಡಿದ್ದೀಯಾ?"

"ಅಲ್ಲಿ ಯಾರೂ ಯಾರನ್ನೂ ನೋಡಿರಲ್ಲ."

"ಈ ಬದಲಾವಣೆ ಹಳ್ಳಿಗೆ ಹಾಕೋ ಮೊದಲು ನೀನು ಓದಿದ್ಯಾ?"

ಎರ್ನಿಸ್ ತಲೆ ತಗ್ಗಿಸಿದ. "ಇಲ್ಲ. ಬಾಯ್ಕೆ ಓದಿದಾರಲ್ಲ ಅಂದ್ಕೊಂಡೆ."

ಕದಿರ್ ಸಾರ್ಬಾನೋವ್ ಎಂಬ ಹೆಸರಿಗೆ ಇಡೀ ದೇಶದ ದಾಖಲೆಯಲ್ಲಿ ಇಬ್ಬರು ಸಿಕ್ಕರು. ಒಬ್ಬ ಕಣ್ಣು ಕಾಣದ ಮುದುಕ, ಇನ್ನೊಬ್ಬನಿಗೆ ಇನ್ನೂ ಹಾಲುಹಲ್ಲು. ಊಲ್ಕಾನ್ ಎರಡು ದಿನ ಕೂತು ಕದಿರ್ ಬರೆದದ್ದನ್ನೆಲ್ಲ ಓದಿದಳು.

"ಸಾಹೇಬ್ರೆ, ಈ ಮನುಷ್ಯ ಊರವರಿಗೆಲ್ಲ ಬೈದಿದ್ದಾನೆ. ಟಿಲೆಕ್‌ಗೆ ಮಾತ್ರ ಆರು ವರ್ಷದಲ್ಲಿ ಒಂದ್ಸಲಾನೂ ಬೇಡ ಅಂದಿಲ್ಲ. ನನ್ನ ಗಂಡ ಸತತ ಆರು ಗಂಟೆ ನನ್ನ ಮಾತಿಗೆ ಹೂಂ ಅಂದಿದ್ದು ನಾ ಕಾಣೆ."

ಸಾಗಿನ್ ನಗಲು ಹೋಗಿ, ಟಿಲೆಕ್‌ನ ವಿಳಾಸ ಹುಡುಕಲು ಹೇಳಿದರು. ಮಾರ್ಚ್ ಹದಿನೇಳರಂದು ಇಬ್ಬರೂ ಬಿಷ್ಕೆಕ್‌ಗೆ ಹೊರಟರು.

ಟಿಲೆಕ್ ಹಾಲಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಲವತ್ತೈದರ ಒಂಟಿ ಮನುಷ್ಯ. ಮನೆಗೆ ಬಂದವರು ಪೊಲೀಸರೆಂದು ತಿಳಿದ ಮೇಲೂ ರೊಟ್ಟಿ ಮುರಿದಿಟ್ಟ, ಚಹಾ ಬಗ್ಗಿಸಿದ.

"ಕದಿರ್ ಎಲ್ಲಿ?"

"ದೂರ ಇದಾರೆ."

"ಫೋನ್ ಮಾಡಿ."

"ಅವ್ರು ಫೋನ್ ಇಟ್ಕೊಂಡಿಲ್ಲ."

"ಹಾಗಾದ್ರೆ ಬರೀರಿ. ಉತ್ತರ ಬರೋ ತನಕ ನಾವು ಇಲ್ಲೇ ಚಹಾ ಕುಡೀತಾ ಇರ್ತೀವಿ. ನೀವು ಮಾತ್ರ ಆಮೇಲೆ ಕೀಲಿಮಣೆ ಮುಟ್ಟಬಾರದು."

ಟಿಲೆಕ್ ಕೀಲಿಮಣೆಯ ಮೇಲೆ ಕೈಯಿಟ್ಟ. ಒಂದಕ್ಷರವೂ ಒತ್ತದೆ ಕೈ ತೆಗೆದ.

"ಬರಲ್ಲ ಬಾಯ್ಕೆ. ಕದಿರ್ ಅಂತ ಯಾರೂ ಇಲ್ಲ. ಅದು ನಾನೇ."

ಹೇಳಿಕೆ ಅಲ್ಲೇ ದಾಖಲಾಯಿತು. ಕೆರ್ಬೆನ್ ಶುರುವಾದಾಗ ಅವನೂ ಸೇರಿ ಐದು ಜನ. ಒಬ್ಬ ಬ್ಯಾಂಕು ಸೇರಿದ, ಒಬ್ಬ ಜರ್ಮನಿಗೆ ಹೋದ, ಉಳಿದಿಬ್ಬರಿಗೆ ಸಾಕಾಯಿತು. ಓದುವುದಕ್ಕೆ ಒಬ್ಬನನ್ನಾದರೂ ಕೊಡಿ ಎಂದು ಕೆರ್ಬೆನ್ ಬಳಸುವ ದೊಡ್ಡ ಕಂಪನಿಗಳಿಗೆಲ್ಲ ಟಿಲೆಕ್ ಬರೆದ. ಧನ್ಯವಾದ ಬಂತು, ಒಂದು ಕಡೆಯಿಂದ ಟೀ ಶರ್ಟ್ ಬಂತು. ಎರಡನೆಯ ಹೆಸರಿಲ್ಲದೆ ಯಾವ ತಿದ್ದುಪಡಿಯೂ ಒಳಗೆ ಹೋಗುವಂತಿರಲಿಲ್ಲ. ಒಂದು ದಿನ ಒಂದು ಸಣ್ಣ ತಪ್ಪು ತಿದ್ದಲೆಂದು ಅವನು ಕದಿರ್‌ನನ್ನು ಹುಟ್ಟಿಸಿದ. ಬೇರೆಯವರು ಕಳಿಸಿದ್ದನ್ನು ಕದಿರ್ ಹೆಸರಿನಲ್ಲಿ ನಿಜಕ್ಕೂ ಸಾಲುಸಾಲಾಗಿ ಓದುತ್ತಿದ್ದ. ತನ್ನದನ್ನು ಓದುವವರು ಯಾರೂ ಇರಲಿಲ್ಲ.

"ಹಾಗಿದ್ರೆ ಆ ಪ್ರಶ್ನೆ ಯಾಕೆ ಹಾಕಿದ್ರಿ? ನಿಮ್ಮನ್ನೇ ನೀವು ಕೇಳ್ಕೊಳ್ಳೋ ನಾಟಕಾನಾ?"

"ನಾಟಕ ಅಲ್ಲ ಬಾಯ್ಕೆ, ಅದು ನಿಜವಾದ ಪ್ರಶ್ನೆ. ನಂಗೆ ಗೊತ್ತಿರ್ಲಿಲ್ಲ. ಇಷ್ಟು ದೇಶದವರು ಬಳಸ್ತಾರಲ್ಲ, ಒಬ್ಬನಾದ್ರೂ ಓದಿ, ದಡ್ಡ ಇದು ತಪ್ಪು ಅಂತ ಬೈತಾನೆ ಅಂತ ಕಾದೆ. ಎಲ್ರೂ ಕೇಳಿದ್ದು ಒಂದೇ, ಹೊಸ ವರ್ಷನ್ ಯಾವಾಗ ಅಂತ. ಕೊನೆಗೆ ಕದಿರ್ ಕೈಲಿ ಉತ್ತರ ಬರೆಸ್ದೆ." ಆಮೇಲೆ ಕೇಳಿದ, "ತೀರಿಕೊಂಡವರ ಹೆಸರೇನು?"

"ಬೇಶೆ," ಎಂದಳು ಊಲ್ಕಾನ್.

ಟಿಲೆಕ್ ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡು ಅಳತೊಡಗಿದ. ಸಂಜೆ ಐದಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಸಾಗಿನ್‌ಗೆ ಮೈಯೆಲ್ಲ ಸಿಟ್ಟು. ಅದು ಈ ಮನುಷ್ಯನ ಮೇಲಿನ ಸಿಟ್ಟಲ್ಲವೆಂದು ಗೊತ್ತಿದ್ದರೂ ಬೇಡಿ ಹಾಕಲು ಇದ್ದ ಕೈಗಳು ಅವನವೇ.

ಮರುದಿನ ನ್ಯಾಯಾಧೀಶರ ಅನುಮತಿ ಪಡೆದು ಟಿಲೆಕ್ ನರಿನ್ ಠಾಣೆಯ ಕಂಪ್ಯೂಟರಿನಲ್ಲಿ ಕೂತು ತಿದ್ದುಪಡಿ ಬರೆದ. ತೆಗೆದಿದ್ದ ಸಾಲನ್ನು ಮತ್ತೆ ಸೇರಿಸುವುದಷ್ಟೇ. ಇಷ್ಟು ಹೊತ್ತಿಗೆ ಸುದ್ದಿ ಹಬ್ಬಿ, ಸರಿಪಡಿಸಿದ್ದು ಯಾವಾಗ ಬರುತ್ತದೆ ಎಂದು ಊರೂರಿನಿಂದ ಕೇಳುತ್ತಿದ್ದರು. ಓದಿ ಹೆಸರು ಹಾಕುತ್ತೇನೆ ಎಂದವರಿಲ್ಲ.

ಆ ಹೊತ್ತಿಗೆ ಬಿಡುಗಡೆಯಾದ ಎರ್ನಿಸ್ ಕೌಂಟರಿನಲ್ಲಿ ತನ್ನ ಬೆಲ್ಟು, ಶೂ ದಾರ ವಾಪಸು ತೆಗೆದುಕೊಳ್ಳುತ್ತಿದ್ದ. ಸಾಗಿನ್ ಅವನನ್ನು ಕರೆದರು.

"ನಿಂಗೆ ಇದು ಅರ್ಥ ಆಗುತ್ತಲ್ಲ. ಓದಿ ನೋಡು."

ಎರ್ನಿಸ್ ನಿಂತೇ ಓದಿದ, ಎರಡು ಸಲ. "ಸರಿಯಾಗಿದೆ ಸಾಹೇಬ್ರೆ."

"ಹಾಗಾದ್ರೆ ಹೆಸರು ಹಾಕು."

ಎರ್ನಿಸ್ ಪರದೆಯನ್ನು ನೋಡಿದ, ಲಾಕಪ್ಪಿನ ಬಾಗಿಲಲ್ಲಿ ನಿಂತ ಟಿಲೆಕ್‌ನನ್ನು ನೋಡಿದ, ಬಗ್ಗಿ ಶೂಗೆ ದಾರ ಕಟ್ಟಿಕೊಂಡ.

"ಬೇಡ ಸಾಹೇಬ್ರೆ. ನಾಳೆ ಮತ್ತೆಲ್ಲೋ ಯಾರೋ ಸತ್ರೆ, ಅಲ್ಲಿ ನನ್ನ ಹೆಸರಿರುತ್ತೆ."

ಅವನು ಹೊರಟುಹೋದ. ಟಿಲೆಕ್ ತಿರುಗಿ ತಾನಾಗಿಯೇ ಒಳಗೆ ನಡೆದ, ಊಲ್ಕಾನ್ ಬೀಗ ಹಾಕಿದಳು.