ಹಂಪಣ್ಣನ ಬಲಗೈ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಸ್ಕಿ ಠಾಣೆಗೆ ಬಂದ ಕಲಾವಿದ ಅನಿಲಕುಮಾರ ಕುರ್ಚಿಯಲ್ಲಿ ಕೂಡುವ ಮೊದಲೇ, "ಸಾಹೇಬ್ರ, ನಮ್ಮ ಗುರುಗಳ ಕೈ ಕಳುವಾಗ್ಯದ್ರಿ" ಎಂದ.

ಪಿಎಸ್‌ಐ ಶಿವಕಾಂತರ ಚಹಾ ಯೂನಿಫಾರ್ಮಿನ ಮೇಲೆ ಚೆಲ್ಲಿತು. "ಕೈ ಅಂದ್ರ?"

ಕೈ ಅಂದರೆ ಯಂತ್ರದ ಕೈ. ಸಂತೆಕಲ್ಲೂರಿನ ಭಜನೆಯಲ್ಲಿ ದಮ್ಮಡಿ ಎಂಬ ಚರ್ಮವಾದ್ಯ ಬಾರಿಸುತ್ತಿದ್ದ ಹಂಪಣ್ಣ ಹೋದ ವರ್ಷ ತೀರಿಕೊಂಡಿದ್ದ. ಅವನು ಬದುಕಿದ್ದಾಗಲೇ ಶಿಷ್ಯ ಅನಿಲಕುಮಾರ ಅವನ ಬಲಗೈಯ ಅಚ್ಚು ತೆಗೆದು, ರಬ್ಬರಿನಲ್ಲಿ ಎರಕ ಹೊಯ್ದು, ಒಳಗೆ ಮೋಟಾರು, ಬ್ಯಾಟರಿ ಕೂಡಿಸಿ, ಗುರುವಿನ ಪೆಟ್ಟುಗಳನ್ನೆಲ್ಲ ಅದಕ್ಕೆ ಕಲಿಸಿದ್ದ. ಎದುರಿಗೆ ನಿಂತು ಚಪ್ಪಾಳೆ ತಟ್ಟಿದರೆ ಸಾಕು, ಆ ಕೈ ಅದೇ ತಾಳ ಹಿಡಿದು ದಮ್ಮಡಿ ಬಾರಿಸುತ್ತಿತ್ತು. ಲಿಂಗಸುಗೂರಿನ ಪ್ರದರ್ಶನ ಮುಗಿಸಿ ಮಸ್ಕಿಯ ಸಭಾಭವನಕ್ಕೆ ಬಂದಿತ್ತು. ಮುಂದೆ ಸಿಂಧನೂರಿಗೆ ಹೋಗಬೇಕಿತ್ತು.

ಎಫ್‌ಐಆರ್ ದಾಖಲಾಯಿತು. ಸಭಾಭವನದಲ್ಲಿ ಸ್ಥಳ ಪಂಚನಾಮೆ ನಡೆಯಿತು. ದಮ್ಮಡಿ ಇತ್ತು, ಕೈ ಇರಲಿಲ್ಲ. ಮಣಿಕಟ್ಟಿನ ತಿರುಪು ನೀಟಾಗಿ ಬಿಚ್ಚಿತ್ತು. ಸ್ಟ್ಯಾಂಡಿನ ಮೇಲೆ ಮೂರು ಬೆರಳಿನ ವಿಭೂತಿ! ವಿಭೂತಿ ಹಚ್ಚಿ ಹೋಗುವ ಕಳ್ಳರನ್ನು ಶಿವಕಾಂತರು ಇಡೀ ನೌಕರಿಯಲ್ಲಿ ಕಂಡಿರಲಿಲ್ಲ.

ಕಸ ಗುಡಿಸುವ ಲಾಲ್‌ಬೀಯನ್ನು ಕರೆಸಿದರು.

"ನಿನ್ನೆ ಸಂಜೀಗೆ ಕಡೀಗೆ ಯಾರು ಬಂದಿದ್ರು?"

"ಒಬ್ಬಾಕಿ ಮುದುಕಿ ರೀ. ಚಪ್ಪಲಿ ಹೊರಗ ಬಿಟ್ಟು ಬಂದ್ಲು. ಮಂದಿ ಯಾರೂ ಬಿಡಂಗಿಲ್ರಿ. ಯಂತ್ರದ ಮುಂದ ಕುಂತು ಅತ್ಲು."

"ಏನರ ಅಂದ್ಲೇನು?"

"'ಸಾಕು, ನಡೀರಿ ಮನಿಗೆ' ಅಂದ್ಲು ರೀ. ನನಗಲ್ಲ."

ಅನಿಲಕುಮಾರ ಸ್ಟ್ಯಾಂಡಿನ ಮೇಲಿನ ವಿಭೂತಿಯತ್ತ ತಿರುಗಿದ. "ಪಾರ್ವತೆಮ್ಮ ಅವ್ವಾರು... ಗುರುಗಳ ಹೇಂತಿ ರೀ."

ಸಂತೆಕಲ್ಲೂರಿನಲ್ಲಿ ಪಾರ್ವತೆಮ್ಮ ಒಂದೇ ಮಾತಿಗೆ ಒಪ್ಪಿದಳು. ಪೊಲೀಸರನ್ನು, ಪಂಚರನ್ನು, ಜೊತೆಗೆ ಬಂದಿದ್ದ ಅನಿಲಕುಮಾರನನ್ನು ಹೊಲಕ್ಕೆ ಕರೆದೊಯ್ದು ಗಂಡನ ಸಮಾಧಿಯ ಬದಿ ತೋರಿಸಿದಳು. ಮಹಿಳಾ ಕಾನ್‌ಸ್ಟೆಬಲ್ ಭಾಗ್ಯಶ್ರೀ ಮಣ್ಣು ಸರಿಸಿದಳು. ಬಿಳಿ ಅರಿವೆ, ಬಿಲ್ವಪತ್ರೆ, ಅದರೊಳಗೆ ಕೈ. ಥೇಟ್ ಮನುಷ್ಯನದೇ! ಭಾಗ್ಯಶ್ರೀ ಮಣ್ಣು ಝಾಡಿಸಲು ಅಂಗೈಗೆ ಅಂಗೈ ತಟ್ಟಿದಳು.

ಕೈ ಎದ್ದು ಮಣ್ಣನ್ನೇ ಬಾರಿಸತೊಡಗಿತು.

"ಯಪ್ಪಾ!" ಭಾಗ್ಯಶ್ರೀ ಹಿಂದಕ್ಕೆ ಬಿದ್ದಳು. ಪಂಚರಲ್ಲೊಬ್ಬ ಬದು ದಾಟಿ ಓಡಿದ. ಪಾರ್ವತೆಮ್ಮ ಮಾತ್ರ ಕುಳಿತು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕ ಕದ್ದೆವ್ವಾ?" ಎಂದರು ಶಿವಕಾಂತರು.

"ವಿಭೂತಿ ಹಚ್ಚಲಾರದ ದಮ್ಮಡಿ ಮುಟ್ಟಿದ ಕೈ ಅಲ್ರಿ ಇದು. ಲಿಂಗಸುಗೂರಾಗ ಕುಡದವರು ಚಪ್ಪಾಳಿ ತಟ್ಟಿದ್ರು, ಬಾರಿಸ್ತು. ಚಪ್ಪಲಿ ಕಾಲಾಗ ಕುಣದ್ರು, ಬಾರಿಸ್ತು. ಬ್ಯಾಡ ಅನ್ನಾಕ ಅದಕ್ಕ ಬಾಯಿ ಎಲ್ಲೈತ್ರಿ? ಪೂರಾ ಮನಷ್ಯಾನ್ನ ಮಣ್ಣಿಗೆ ಕೊಟ್ಟು, ಕೈ ಒಂದು ಹೆಂಗ ಹೊರಗ ಬಿಡ್ಲಿ?"

ಅನಿಲಕುಮಾರ ಅತ್ತುಬಿಟ್ಟ. "ಗುರುಗಳನ್ನ ಕೇಳಿದ್ದೆ, ಅವ್ವಾರನ್ನ ಕೇಳಲಿಲ್ಲ. ಕಂಪ್ಲೇಂಟ್ ವಾಪಸ್ ತಗೋತೀನ್ರಿ."

"ಎಫ್‌ಐಆರ್ ಆಗ್ಯದಪಾ. ಅದನ್ನ ಕೋರ್ಟಿನಾಗ ಹೇಳು. ಮೊದಲ ಇದನ್ನ ನಿಲ್ಲಸು."

ಅವನು ಮಣಿಕಟ್ಟಿನಿಂದ ಬ್ಯಾಟರಿ ಕಿತ್ತ. ಅವಳ ಹಿಡಿಯೊಳಗೆ ಬೆರಳುಗಳು ಸಡಿಲಾದವು. ಪಾರ್ವತೆಮ್ಮ ಬೆಚ್ಚಿ ಅವನನ್ನೇ ನೋಡಿದಳು.

"ಇಷ್ಟರಾಗ ನಿಲ್ಲೂದಿತ್ತೇನಪಾ? ನನಗ ಯಾರೂ ಹೇಳಲಿಲ್ಲಲ್ಲೋ."

ಸಂಜೆ 4.40ಕ್ಕೆ ಬಂಧನ ದಾಖಲಾಯಿತು. ಗಂಡನಿಗೆ ವಿಶ್ರಾಂತಿ ಕೊಡಿಸಲು ಹೋದವಳು ಆರೋಪಿಯಾಗಿದ್ದಳು. ಕೈಯನ್ನು ಚೀಲಕ್ಕೆ ಹಾಕಿ ಸೀಲ್ ಮಾಡುವ ಮುನ್ನ, ಅದರ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಲು ಶಿವಕಾಂತರು ಅವಳಿಗೆ ಬಿಟ್ಟರು.